ಕೋಣೆ ಬರೆಯುವ ದಿನಚರಿ: ಓಲೆಗರಿ, ಕಾಗದ ಮತ್ತು ಗಾಳಿಯ ತೇವ



ಈ ದತ್ತಿ ಉಪನ್ಯಾಸದ ವೇದಿಕೆಯಲ್ಲಿ ಹಸ್ತಪ್ರತಿಗಳ ಪಾಠಾಂತರ, ಕವಿಕಾಲ, ಲಿಪಿಯ ಬೆಳವಣಿಗೆ ಇಂಥ ವಿಷಯಗಳ ಮೇಲೆ ಮಾತಾಡುವುದು ವಾಡಿಕೆ. ಸಂಘಟಕರು ನನ್ನನ್ನು ಕರೆದಾಗ ನಾನು ಮೊದಲೇ ಹೇಳಿದೆ: ಓಲೆಗರಿಯ ಮೇಲಿನ ಹಳಗನ್ನಡವನ್ನು ನಾನು ಓದಲಾರೆ, ಓಲೆಗರಿ ಇಟ್ಟಿರುವ ಕೋಣೆಯ ಗಾಳಿಯನ್ನು ಓದುವುದು ಮಾತ್ರ ನನಗೆ ಗೊತ್ತು. ಅದನ್ನೇ ಓದಿ ಎಂದರು. ಹಾಗಾಗಿ ಇಂದಿನ ಮಾತು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪೆಟ್ಟಿಗೆಯದು. ಅದರ ಹೆಸರು ಡೇಟಾ ಲಾಗರ್. ಗೊತ್ತುಮಾಡಿದ ಹೊತ್ತಿಗೊಮ್ಮೆ ಕೋಣೆಯ ತಾಪಮಾನ ಎಷ್ಟು, ಗಾಳಿಯ ತೇವಾಂಶ ಎಷ್ಟು ಎಂದು ಅಳೆದು, ಸಮಯದ ಸಮೇತ ನೆನಪಿಟ್ಟುಕೊಳ್ಳುವುದಷ್ಟೇ ಅದರ ಕೆಲಸ.

ಒಂದು ಘಟನೆಯಿಂದ ಶುರುಮಾಡುತ್ತೇನೆ. ಕರಾವಳಿಯ ಒಂದು ಊರು, ಅಲ್ಲೊಂದು ಸಂಗ್ರಹ, ಹೆಸರು ಬೇಡ. ದಾನಿಗಳ ನೆರವಿನಿಂದ ಹಸ್ತಪ್ರತಿ ಕೋಣೆಗೆ ಎ.ಸಿ. ಹಾಕಿಸಿದ್ದರು. ಎರಡನೆಯ ಮಳೆಗಾಲಕ್ಕೆ ಕಬ್ಬಿಣದ ಬೀರುಗಳಲ್ಲಿ ಬೂಷ್ಟು ಕಾಣಿಸಿಕೊಂಡಿತು. ಎ.ಸಿ. ಬರುವ ಮುಂಚೆ ಇಷ್ಟಿರಲಿಲ್ಲ ಎಂದು ಅಲ್ಲಿನ ಹಿರಿಯ ಸಹಾಯಕರು ಹೇಳಿದರೆ ಯಾರೂ ನಂಬಲಿಲ್ಲ. ನಂಬದಿರಲು ಕಾರಣವೂ ಇತ್ತು. ಗೋಡೆಯಲ್ಲಿ ತೇವಮಾಪಕವಿತ್ತು, ಅದನ್ನು ದಿನಾ ಬೆಳಿಗ್ಗೆ ಹನ್ನೊಂದಕ್ಕೆ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. 58, 60, 57, 59. ಷರಾ ಕಾಲಂನಲ್ಲಿ ಪುಟದ ಮೇಲೆ ಪುಟ ‘ತೃಪ್ತಿಕರ’.

ನಾನು ಮೂರು ಲಾಗರ್ ಇಟ್ಟೆ. ಒಂದು ಮೇಜಿನ ಮೇಲೆ, ಒಂದು ಪಶ್ಚಿಮದ ಗೋಡೆಗೆ ಒರಗಿದ್ದ ಬೀರುವಿನೊಳಗೆ, ಒಂದು ಹೊರಗಿನ ಜಗಲಿಯ ನೆರಳಲ್ಲಿ. ಹತ್ತು ದಿನ ಬಿಟ್ಟು ಬಂದು ಕಂಪ್ಯೂಟರಿಗೆ ಜೋಡಿಸಿದಾಗ ಪರದೆಯ ಮೇಲೆ ಮೂಡಿದ್ದು ಗರಗಸದ ಹಲ್ಲು. ಹತ್ತು ಗಂಟೆಗೆ ಎ.ಸಿ. ಶುರುವಾದರೆ ಗೆರೆ ಇಳಿಯುತ್ತಿತ್ತು. ಐದಕ್ಕೆ ಅದನ್ನು ನಿಲ್ಲಿಸಿ ಬೀಗ ಹಾಕಿದ ಮೇಲೆ ಏರುತ್ತಿತ್ತು. ರಾತ್ರಿಯಿಡೀ ಕೋಣೆಯಲ್ಲಿ 85ರ ಆಸುಪಾಸು, ಬೀರುವಿನೊಳಗೆ 90ರ ಮೇಲೆ. ಹಗಲು ಸಿಬ್ಬಂದಿ ಕಂಡ ಕೋಣೆಯೇ ಬೇರೆ, ರಾತ್ರಿ ಓಲೆಗರಿಗಳು ಕಂಡ ಕೋಣೆಯೇ ಬೇರೆ. ರಿಜಿಸ್ಟರಿನಲ್ಲಿ ಒಂದು ಸುಳ್ಳೂ ಇರಲಿಲ್ಲ. ಹನ್ನೊಂದು ಗಂಟೆಯ ಮಟ್ಟಿಗೆ ಅದು ಪೂರ್ತಿ ನಿಜ.

ಗಾಳಿಯ ಪಾತ್ರೆ

ಹೀಗೇಕೆ ಆಯಿತು ಎಂದು ತಿಳಿಯಲು ತೇವಾಂಶವೆಂದರೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಗಾಳಿಯನ್ನು ಒಂದು ಪಾತ್ರೆ ಎಂದುಕೊಳ್ಳಿ. ಅದರಲ್ಲಿ ತುಂಬಿರುವುದು ನೀರಾವಿ. ಬಿಸಿಯಾದರೆ ಈ ಪಾತ್ರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಮಾಪಕದಲ್ಲಿ ಕಾಣುವ ಶೇಕಡಾ ಸಂಖ್ಯೆಯನ್ನು ಪುಸ್ತಕದ ಮಾತಿನಲ್ಲಿ ಸಾಪೇಕ್ಷ ಆರ್ದ್ರತೆ ಎನ್ನುತ್ತಾರೆ. ಆ ಹೊತ್ತಿಗೆ ಪಾತ್ರೆ ಎಷ್ಟು ತುಂಬಿದೆ ಎಂಬುದನ್ನು ಅದು ಹೇಳುತ್ತದೆ; ಒಳಗೆ ಒಟ್ಟು ಎಷ್ಟು ನೀರಿದೆ ಎಂಬುದನ್ನು ಹೇಳುವುದಿಲ್ಲ.

ಇದರಿಂದ ಎರಡು ಸೋಜಿಗಗಳು ಹುಟ್ಟುತ್ತವೆ. 25 ಡಿಗ್ರಿಯಲ್ಲಿ ಶೇ. 60 ತೇವಾಂಶವಿರುವ ಕೋಣೆಯನ್ನು ಒಂದು ಹನಿ ನೀರನ್ನೂ ಸೇರಿಸದೆ 20 ಡಿಗ್ರಿಗೆ ತಣಿಸಿದರೆ ತೇವಾಂಶ ಶೇ. 81ಕ್ಕೆ ಏರುತ್ತದೆ. ತಿರುಗಿಸಿ ನೋಡಿ: 25 ಡಿಗ್ರಿಯಲ್ಲಿ ಶೇ. 85 ಇರುವ ಗಾಳಿಯನ್ನು ಒಂದು ಹನಿಯನ್ನೂ ತೆಗೆಯದೆ 30 ಡಿಗ್ರಿಗೆ ಬೆಚ್ಚಗೆ ಮಾಡಿದರೆ ಅದು ಶೇ. 63ಕ್ಕೆ ಇಳಿಯುತ್ತದೆ. ಈ ಎರಡನೆಯ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಅದನ್ನು ಹಿಡಿದುಕೊಂಡು ಮುಂದೆ ನಮ್ಮ ಅಜ್ಜಿಯರ ಅಡುಗೆಮನೆಗೆ ಹೋಗಲಿಕ್ಕಿದೆ.

ಪಾತ್ರೆ ಕುಗ್ಗಿ ಕುಗ್ಗಿ ಪೂರ್ತಿ ತುಂಬಿದ ಮೇಲೆ ಉಳಿದ ನೀರು ಹೊರಗೆ ಬೀಳಲೇಬೇಕು. ಫ್ರಿಜ್ಜಿನಿಂದ ತೆಗೆದಿಟ್ಟ ನೀರಿನ ಬಾಟಲಿಯ ಮೈ ಬೆವರುವುದು ಹೀಗೆ. ಯಾವ ತಾಪಮಾನದಲ್ಲಿ ಬೆವರಲು ಶುರುವಾಗುತ್ತದೋ ಅದು ಇಬ್ಬನಿ ಬಿಂದು.

ಈಗ ಕರಾವಳಿಯ ಆ ಕೋಣೆಗೆ ಮರಳೋಣ. ಆಷಾಢದ ಸಂಜೆ ಹೊರಗಿನ ಗಾಳಿ 27 ಡಿಗ್ರಿ, ತೇವಾಂಶ ಶೇ. 90. ಅಂದರೆ ಘನ ಮೀಟರಿಗೆ ಸುಮಾರು 23 ಗ್ರಾಂ ನೀರು. ಎ.ಸಿ. ನಿಂತ ಮೇಲೆ ಈ ಗಾಳಿ ಬಾಗಿಲ ಸಂದಿಯಿಂದ, ಕಿಟಕಿಯ ಬಿರುಕಿನಿಂದ ಒಳಗೆ ನುಸುಳುತ್ತದೆ. ಒಳಗೆ ಕಬ್ಬಿಣದ ಬೀರು, ಮರದ ಹಲಗೆ, ಓಲೆಗರಿಯ ಕಟ್ಟು ಎಲ್ಲ ಇನ್ನೂ 23, 24 ಡಿಗ್ರಿಯಲ್ಲೇ ಇವೆ. 24 ಡಿಗ್ರಿಯ ಗಾಳಿ ಹಿಡಿಯಬಲ್ಲದ್ದು 22 ಗ್ರಾಂ ಕೂಡ ಅಲ್ಲ. ಮಿಕ್ಕ ನೀರು ತಣ್ಣನೆಯ ಮೈ ಸಿಕ್ಕಲ್ಲಿ ಕೂತುಕೊಳ್ಳುತ್ತದೆ. ಹಗಲೆಲ್ಲ ದುಡ್ಡು ಕೊಟ್ಟು ಬೀರುವನ್ನು ತಣ್ಣಗೆ ಮಾಡಿ, ರಾತ್ರಿ ಅದರ ಮೇಲೆ ಇಬ್ಬನಿ ಬೀಳಿಸಿದ ಹಾಗಾಯಿತು. ಹಿರಿಯ ಸಹಾಯಕರ ಮಾತು ಅಕ್ಷರಶಃ ನಿಜವಾಗಿತ್ತು. ಅವರ ಬಳಿ ಇರದಿದ್ದದ್ದು ಒಂದು ಗ್ರಾಫ್ ಮಾತ್ರ.

ತೇವಾಂಶ ಶೇ. 65ರಿಂದ 70ನ್ನು ದಾಟಿ ಹಾಗೇ ನಿಂತರೆ ಬೂಷ್ಟಿಗೆ ಅನುಕೂಲ. ಬೆಳ್ಳಿಮೀನು ಎಂದು ನಾವು ಕರೆಯುವ ಹುಳವೂ ತೇವ ಇದ್ದಲ್ಲೇ ಸುಖವಾಗಿರುತ್ತದೆ. ಅಂಟು ಸಡಿಲವಾಗುತ್ತದೆ, ಮುಗ್ಗಲು ವಾಸನೆ ಹತ್ತುತ್ತದೆ. ತೀರ ಒಣಗಿದರೂ ಕಷ್ಟ: ಗರಿ ಸೆಟೆದುಕೊಂಡು ಮುಟ್ಟಿದರೆ ಮುರಿಯುತ್ತದೆ. ಇವೆರಡಕ್ಕಿಂತ ಕೆಟ್ಟದ್ದು ದಿನಾ ಹಿಗ್ಗಿ ದಿನಾ ಕುಗ್ಗುವುದು. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ಒಂದು ದಿನ ತುಂಡಾಗುವ ಹಾಗೆ ಕಾಗದದ ನಾರು, ಮರದ ಹಲಗೆ, ಗರಿಯ ಪದರ ಎಲ್ಲವೂ ದಣಿಯುತ್ತವೆ.

ಕೂದಲಿನಿಂದ ಪೊರೆಯವರೆಗೆ

ಗಾಳಿಯ ತೇವವನ್ನು ಅಳೆಯಲು ಮನುಷ್ಯ ಮೊದಲು ನೆಚ್ಚಿಕೊಂಡ ವಸ್ತುಗಳಲ್ಲಿ ಒಂದು ಅವನದೇ ತಲೆಕೂದಲು. ಜಿನೀವಾದ ವಿಜ್ಞಾನಿ ಹೊರಾಸ್ ಬೆನೆಡಿಕ್ಟ್ ಡಿ ಸೊಸ್ಯೂರ್ ಕೂದಲಿನ ತೇವಮಾಪಕವನ್ನು ರೂಪಿಸಿ, 1783ರಲ್ಲಿ ಆ ಬಗ್ಗೆ ಗ್ರಂಥವನ್ನೇ ಪ್ರಕಟಿಸಿದ. ಜಿಡ್ಡು ತೆಗೆದ ಕೂದಲು ತೇವದಲ್ಲಿ ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ. ಪೂರ್ತಿ ಒಣಗಿದ ಸ್ಥಿತಿಯಿಂದ ಪೂರ್ತಿ ತೇವದವರೆಗೆ ವ್ಯತ್ಯಾಸ ನೂರಕ್ಕೆ ಎರಡೋ ಎರಡೂವರೆಯೋ ಪಾಲು. ಅಷ್ಟು ಸಾಕು ಮುಳ್ಳನ್ನು ತಿರುಗಿಸಲು.

ಇದೇ ಕೂದಲಿನ ಕಟ್ಟಿಗೆ ಒಂದು ಲೇಖನಿ, ಲೇಖನಿಯ ಮುಂದೆ ವಾರಕ್ಕೊಂದು ಸುತ್ತು ತಿರುಗುವ ಉರುಳೆ, ಉರುಳೆಗೆ ಸುತ್ತಿದ ಗೀಟಿನ ಕಾಗದ. ಇವೆಲ್ಲ ಸೇರಿ ಹೈಗ್ರೋಗ್ರಾಫ್ ಆಯಿತು. ಸೋಮವಾರ ಕೀಲಿ ಕೊಡಬೇಕು, ಶಾಯಿ ಹಾಕಬೇಕು, ಕಾಗದ ಬದಲಿಸಬೇಕು. ಕೂದಲು ಹದ ತಪ್ಪಿದರೆ ಒದ್ದೆ ಬಟ್ಟೆ ಸುತ್ತಿ ಮತ್ತೆ ಹದಕ್ಕೆ ತರಬೇಕು. ಈ ಯಂತ್ರ ಮಾಡುತ್ತಿದ್ದ ಒಂದು ಉಪಕಾರ ಆಗ ನಮ್ಮ ಗಮನಕ್ಕೇ ಬರಲಿಲ್ಲ: ವಾರಕ್ಕೊಮ್ಮೆಯಾದರೂ ಒಬ್ಬ ಮನುಷ್ಯ ಅದರೆದುರು ನಿಂತು ಆ ವಾರದ ಗೆರೆಯನ್ನು ಕಣ್ಣಾರೆ ನೋಡಲೇಬೇಕಿತ್ತು.

ಇಂದಿನ ಲಾಗರಿನಲ್ಲಿ ಕೂದಲಿನ ಜಾಗದಲ್ಲಿ ತೆಳುವಾದ ಪಾಲಿಮರ್ ಪೊರೆ ಇದೆ. ಅದು ನೀರಾವಿಯನ್ನು ಹೀರಿದಂತೆ ವಿದ್ಯುತ್ತನ್ನು ಹಿಡಿದಿಡುವ ಅದರ ಶಕ್ತಿ ಬದಲಾಗುತ್ತದೆ. ತಾಪಮಾನಕ್ಕೆ ಥರ್ಮಿಸ್ಟರ್ ಎಂಬ ಸಣ್ಣ ಮಣಿ. ಒಂದು ಗಡಿಯಾರ, ಒಂದಿಷ್ಟು ನೆನಪು, ಒಂದು ಲಿಥಿಯಂ ಬ್ಯಾಟರಿ. ಸಾಮಾನ್ಯವಾಗಿ ಸಿಗುವ ಲಾಗರುಗಳ ತೇವಾಂಶದ ಅಳತೆಯಲ್ಲಿ ಎರಡು ಮೂರು ಶೇಕಡಾ ಆಚೀಚೆ ಇರುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ನಿಖರತೆ ಸಾಕು.

ಇದೇ ಪೆಟ್ಟಿಗೆ ಬೇರೆ ಕಡೆಯೂ ದುಡಿಯುತ್ತಿದೆ. ಲಸಿಕೆಗಳನ್ನು 2ರಿಂದ 8 ಡಿಗ್ರಿಯೊಳಗೆ ಕಾಯಬೇಕು. ಬಿಸಿಯಾದರೆ ಕೆಡುತ್ತವೆ ಎಂದು ಎಲ್ಲರಿಗೂ ಗೊತ್ತು. ಹೆಪಟೈಟಿಸ್ ಬಿ ಮುಂತಾದವು ಹೆಪ್ಪುಗಟ್ಟಿದರೂ ಕೆಡುತ್ತವೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ರಾತ್ರಿ ಮೂರು ಗಂಟೆಗೆ ಲಸಿಕೆಯ ಪೆಟ್ಟಿಗೆ ಸೊನ್ನೆಗಿಂತ ಕೆಳಗಿಳಿದು ಬೆಳಿಗ್ಗೆ ಮತ್ತೆ 4ಕ್ಕೆ ಬಂದಿದ್ದರೆ ಅದಕ್ಕೆ ಸಾಕ್ಷಿ ಹೇಳುವುದು ಲಾಗರ್ ಒಂದೇ. ರೇಷ್ಮೆ ಬೆಳೆಗಾರರಿಗೆ ಈ ವಿಷಯ ಹೊಸತಲ್ಲ. ಚಾಕಿ, ಅಂದರೆ ಎಳೆಯ ಹುಳುವಿಗೆ 27, 28 ಡಿಗ್ರಿ ಶಾಖ, ಶೇ. 85ರ ಸುಮಾರು ತೇವ. ಹಣ್ಣಾಗುವ ಹೊತ್ತಿಗೆ ಎರಡೂ ಕಡಿಮೆ. ಹುಳ ಬಾಯಿಬಿಟ್ಟು ಹೇಳದಿದ್ದರೂ ಗೂಡಿನ ತೂಕದಲ್ಲಿ ಹೇಳುತ್ತದೆ. ಓಲೆಗರಿಯ ಕಷ್ಟವೆಂದರೆ ಅದು ಹೇಳಲು ಐವತ್ತು ವರ್ಷ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಕೇಳಬೇಕಾದವರು ನಿವೃತ್ತರಾಗಿರುತ್ತಾರೆ.

ಎಲ್ಲಿಡಬೇಕು, ಹೇಗೆ ನಂಬಬೇಕು

ಲಾಗರ್ ಕೊಂಡು ತಂದವರು ಸಾಮಾನ್ಯವಾಗಿ ಅದನ್ನು ಕಣ್ಣಿಗೆ ಕಾಣುವ ಕಡೆ ತೂಗುಹಾಕುತ್ತಾರೆ. ಎ.ಸಿ.ಯ ಗಾಳಿ ಬೀಸುವಲ್ಲಿ, ಕಿಟಕಿಯ ಬಿಸಿಲು ಬೀಳುವಲ್ಲಿ, ಬಾಗಿಲ ಪಕ್ಕದಲ್ಲಿ. ಅಲ್ಲಿ ಅದು ಎ.ಸಿ.ಯ, ಬಿಸಿಲಿನ, ಬಾಗಿಲಿನ ಕತೆ ಬರೆಯುತ್ತದೆ. ಓಲೆಗರಿಯ ಕತೆ ಬೇಕಾದರೆ ಓಲೆಗರಿಯ ಪಕ್ಕದಲ್ಲಿ ಇಡಬೇಕು. ನನ್ನ ರೂಢಿ ಹೀಗಿದೆ: ಕೋಣೆಯ ನಡುವೆ ಕಪಾಟಿನ ಎತ್ತರದಲ್ಲಿ ಒಂದು, ಅತ್ಯಂತ ಅನುಮಾನದ ಮೂಲೆಯ ಬೀರುವಿನೊಳಗೆ ಒಂದು, ಹೊರಗೆ ನೆರಳಲ್ಲಿ ಒಂದು. ಹೊರಗಿನದಕ್ಕೆ ಎಷ್ಟೋ ಕಡೆ ದುಡ್ಡು ಕೊಡಲು ಒಪ್ಪುವುದಿಲ್ಲ. ಊರ ಗಾಳಿಯನ್ನು ಅಳೆದು ನಮಗೇನಾಗಬೇಕು ಎನ್ನುತ್ತಾರೆ. ಆದರೆ ಅದಿಲ್ಲದೆ ಒಳಗಿನ ಎರಡರ ಮಾತು ಅರ್ಧವೂ ಅರ್ಥವಾಗುವುದಿಲ್ಲ.

ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕು? ಅರ್ಧ ಗಂಟೆಗೊಮ್ಮೆ ಎಂದರೆ ದಿನಕ್ಕೆ 48, ವರ್ಷಕ್ಕೆ 17,520 ಅಳತೆ. ಕೋಣೆಯ ಗುಣ ತಿಳಿಯಲು ಇಷ್ಟು ಧಾರಾಳ. ಉತ್ಸಾಹದಿಂದ ನಿಮಿಷಕ್ಕೊಮ್ಮೆ ಎಂದು ಗೊತ್ತುಮಾಡಿದರೆ ದಿನಕ್ಕೆ 1,440. ಹದಿನಾರು ಸಾವಿರ ಅಳತೆ ಹಿಡಿಯುವ ಲಾಗರ್ ಹನ್ನೊಂದು ದಿನಕ್ಕೆ ತುಂಬಿಹೋಗುತ್ತದೆ. ತುಂಬಿದ ಮೇಲೆ ಕೆಲವು ಲಾಗರುಗಳು ಬರೆಯುವುದನ್ನು ನಿಲ್ಲಿಸುತ್ತವೆ, ಕೆಲವು ಹಳೆಯದನ್ನು ಅಳಿಸಿ ಬರೆಯುತ್ತವೆ. ಯಾವುದು ಹೇಗೆ ಎಂದು ತಿಳಿಯದೆ ಶುರುಮಾಡಿ, ಮಳೆಗಾಲ ಮುಗಿದ ಮೇಲೆ ಜೂನ್ ತಿಂಗಳ ಮೊದಲ ಹನ್ನೊಂದು ದಿನವನ್ನು ಮಾತ್ರ ಕೈಯಲ್ಲಿ ಹಿಡಿದು ನಿಂತವರಲ್ಲಿ ನಾನೂ ಒಬ್ಬ.

ಗಡಿಯಾರವನ್ನೂ ನೋಡಿಕೊಳ್ಳಿ. ಲಾಗರ್ ತನ್ನ ಸಮಯವನ್ನು ಕಂಪ್ಯೂಟರಿನಿಂದ ಪಡೆಯುತ್ತದೆ. ಕಂಪ್ಯೂಟರಿನ ಗಡಿಯಾರ ತಪ್ಪಿದ್ದರೆ ನಿಮ್ಮ ನಡುರಾತ್ರಿ ನಡುಹಗಲಾಗುತ್ತದೆ. ಹೆಸರಿಡುವಾಗ ‘ಲಾಗರ್ 3’ ಎಂದಿಡಬೇಡಿ. ‘ಪಶ್ಚಿಮ ಗೋಡೆಯ ಬೀರು, ಕೆಳಗಿನ ಅರೆ’ ಎಂದಿಡಿ. ಐದು ವರ್ಷದ ನಂತರ ಆ ಕಡತ ತೆರೆಯುವವರು ನಿಮಗೆ ಕೈಮುಗಿಯುತ್ತಾರೆ.

ಇನ್ನು, ಯಂತ್ರ ಹೇಳಿದ್ದನ್ನು ನಂಬುವುದು ಹೇಗೆ? ಪೊರೆಗೆ ವಯಸ್ಸಾಗುತ್ತದೆ. ನುಸಿಗುಳಿಗೆಯ ಆವಿ, ಎಣ್ಣೆಯ ಆವಿ, ಧೂಳು ಎಲ್ಲವೂ ಅದನ್ನು ಕೆಡಿಸುತ್ತವೆ. ನಮ್ಮ ಹಸ್ತಪ್ರತಿ ಕೋಣೆಗಳಲ್ಲಿ ಈ ಮೂರಕ್ಕೂ ಬರವಿಲ್ಲ. ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷಿಸಿ ತರಿಸುವುದು ಒಳ್ಳೆಯದು. ಅದಾಗದಿದ್ದರೆ ಅಡುಗೆಮನೆಯಲ್ಲೇ ಒಂದು ದಾರಿ ಇದೆ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ನೀರು ಬಿಡಿ. ಉಪ್ಪು ಪೂರ್ತಿ ಕರಗಬಾರದು. ಗಾಳಿಯಾಡದ ಡಬ್ಬಿಯಲ್ಲಿ ಆ ಮುಚ್ಚಳವನ್ನೂ ಲಾಗರನ್ನೂ ಒಂದಕ್ಕೊಂದು ತಾಗದಂತೆ ಇಟ್ಟು, ಬಿಸಿಲು ಗಾಳಿ ಬೀಳದ ಕಡೆ ಒಂದು ದಿನ ಬಿಡಿ. ಸೋಡಿಯಂ ಕ್ಲೋರೈಡಿನ ಒದ್ದೆ ರಾಶಿಯ ಮೇಲಿನ ಗಾಳಿ 25 ಡಿಗ್ರಿಯಲ್ಲಿ ಶೇ. 75ರ ಸುಮಾರಿಗೆ ಬಂದು ನಿಲ್ಲುತ್ತದೆ. ಇದು ಪ್ರಕೃತಿಯೇ ಕೊಟ್ಟ ಅಳತೆಗೋಲು. ಲಾಗರ್ 79 ಎಂದರೆ ನಾಲ್ಕು ಹೆಚ್ಚು ಹೇಳುತ್ತಿದೆ ಎಂದರ್ಥ. ಅಂಗಡಿ ಉಪ್ಪಿನಲ್ಲಿ ಬೇರೆ ಪುಡಿಯೂ ಸೇರಿರುವುದರಿಂದ ಇದನ್ನು ಸೂಕ್ಷ್ಮ ಪರೀಕ್ಷೆ ಎನ್ನಲಾಗದು, ಆದರೆ ದಾರಿ ತಪ್ಪಿದ ಯಂತ್ರವನ್ನು ಹಿಡಿಯಲು ಸಾಕು. ಪರೀಕ್ಷೆಯ ತಾರೀಕನ್ನೂ ವ್ಯತ್ಯಾಸವನ್ನೂ ಚೀಟಿಯಲ್ಲಿ ಬರೆದು ಲಾಗರಿನ ಬೆನ್ನಿಗೆ ಅಂಟಿಸಿ.

ಗೆರೆಯನ್ನು ಓದುವುದು

ಲಾಗರಿನ ಅಳತೆಗಳನ್ನು ಕಂಪ್ಯೂಟರಿನಲ್ಲಿ ತೆರೆಯುವ ತಂತ್ರಾಂಶದ ಕೆಲಸ ಇಲ್ಲಿಂದ ಶುರು. ಸಾವಿರಾರು ಸಂಖ್ಯೆಗಳನ್ನು ಅದು ಒಂದು ಗೆರೆಯಾಗಿ ತೋರಿಸುತ್ತದೆ. ಗರಿಷ್ಠ, ಕನಿಷ್ಠ, ಸರಾಸರಿ, ಇಬ್ಬನಿ ಬಿಂದು ಎಲ್ಲವನ್ನೂ ಲೆಕ್ಕ ಹಾಕಿ ಕೊಡುತ್ತದೆ. ಇವುಗಳಲ್ಲಿ ಮೊದಲು ಮರೆಯಬೇಕಾದದ್ದು ಸರಾಸರಿಯನ್ನು. ಹಗಲು ಹನ್ನೆರಡು ಗಂಟೆ ಶೇ. 50, ರಾತ್ರಿ ಹನ್ನೆರಡು ಗಂಟೆ ಶೇ. 80 ಇದ್ದರೆ ಸರಾಸರಿ 65. ಇಡೀ ದಿನ ಒಂದೇ ಸಮನೆ 65 ಇದ್ದರೂ ಸರಾಸರಿ 65. ವರದಿಯಲ್ಲಿ ಎರಡು ಕೋಣೆಗಳೂ ಒಂದೇ; ಒಂದರಲ್ಲಿ ಮಾತ್ರ ಬೂಷ್ಟು. ಕೇಳಬೇಕಾದ ಪ್ರಶ್ನೆಗಳು ಬೇರೆ. ತಿಂಗಳಲ್ಲಿ ಎಷ್ಟು ಗಂಟೆ ತೇವಾಂಶ 70ರ ಮೇಲಿತ್ತು? ಒಂದೇ ದಿನದಲ್ಲಿ ಅತಿ ಹೆಚ್ಚಿಗೂ ಅತಿ ಕಡಿಮೆಗೂ ಅಂತರ ಎಷ್ಟು? ಬೀರುವಿನೊಳಗಿನ ಗೆರೆ ಕೋಣೆಯ ಗೆರೆಯನ್ನು ಎಷ್ಟು ತಡವಾಗಿ ಹಿಂಬಾಲಿಸುತ್ತದೆ?

ತಂತ್ರಾಂಶದ ಇನ್ನೊಂದು ಲೆಕ್ಕಕ್ಕೆ ನಾನು ಚಿನ್ನದ ಬೆಲೆ ಕೊಡುತ್ತೇನೆ. ಶೇಕಡಾವನ್ನು ಗ್ರಾಂಗೆ ಬದಲಿಸುವುದು. ಮಳೆ ನಿಂತು ಹೊಳವಾದ ಬೆಳಿಗ್ಗೆ, ತಣ್ಣನೆಯ ಗಾಳಿ. ಕೋಣೆ ಮುಗ್ಗಲು ನಾರುತ್ತಿದೆ, ಕಿಟಕಿ ತೆರೆಯೋಣ ಎನಿಸುವುದು ಸಹಜ. ಹೊರಗೆ 24 ಡಿಗ್ರಿ, ಶೇ. 95: ಘನ ಮೀಟರಿಗೆ 20.7 ಗ್ರಾಂ. ಒಳಗೆ 27 ಡಿಗ್ರಿ, ಶೇ. 75: 19.3 ಗ್ರಾಂ. ಕಿಟಕಿ ತೆರೆದರೆ ನೀರು ಒಳಗೆ ಬರುತ್ತದೆ. ಅದೇ ಮಾಘದ ಒಂದು ಮಧ್ಯಾಹ್ನ, ಬಯಲುಸೀಮೆ. ಹೊರಗೆ 30 ಡಿಗ್ರಿ, ಶೇ. 30: ಸುಮಾರು 9 ಗ್ರಾಂ. ಒಳಗೆ 24 ಡಿಗ್ರಿ, ಶೇ. 60: 13 ಗ್ರಾಂ. ಬಿಸಿಲೆಂದು ಕಿಟಕಿ ಮುಚ್ಚುತ್ತೇವೆ, ತೆರೆಯಬೇಕಾದದ್ದು ಆಗಲೇ. ಮೈಗೆ ಹಿತವೆನಿಸಿದ್ದು ಕಾಗದಕ್ಕೆ ಹಿತವಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಲೆಕ್ಕ ಬೇರೆ ಇಲ್ಲ. ಇದಕ್ಕಾಗಿಯೇ ಹೊರಗೊಂದು ಲಾಗರ್ ಬೇಕೆಂದದ್ದು.

ಈಗ ಮೊಬೈಲಿಗೆ ಸಂದೇಶ ಕಳಿಸುವ ಲಾಗರುಗಳೂ ಬಂದಿವೆ. ಒಳ್ಳೆಯದೇ. ಆದರೆ ಕರಾವಳಿಯ ಜುಲೈಯಲ್ಲಿ 70ಕ್ಕೆ ಎಚ್ಚರಿಕೆ ಗೊತ್ತುಮಾಡಿದರೆ ಅದು ಹಗಲು ರಾತ್ರಿ ಬಡಿದುಕೊಳ್ಳುತ್ತದೆ. ಮೂರನೆಯ ದಿನ ಯಾರಾದರೂ ಅದರ ಬಾಯಿ ಮುಚ್ಚಿಸುತ್ತಾರೆ. ಇಷ್ಟು ಗಂಟೆ ಸತತವಾಗಿ ಮೀರಿದರೆ ಮಾತ್ರ ಕೂಗು ಎಂದು ಹೇಳಿಕೊಡಬೇಕು. ಅದಕ್ಕೂ ಮೊದಲು, ಕೂಗಿದಾಗ ಕೋಣೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ತೀರ್ಮಾನಿಸಬೇಕು.

ಅಟ್ಟ, ಹಬ್ಬ, ಪೆಟ್ಟಿಗೆ

ನೆನಪಿಟ್ಟುಕೊಳ್ಳಿ ಎಂದ ಲೆಕ್ಕಕ್ಕೆ ಬರುತ್ತೇನೆ. ಮಲೆನಾಡು, ಕರಾವಳಿಯ ಹಳೆಯ ಮನೆಗಳಲ್ಲಿ ಓಲೆಗರಿಯ ಕಟ್ಟನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದುದುಂಟು. ಹೊಗೆಗೆ ಹುಳ ಬರುವುದಿಲ್ಲ ಎಂಬುದು ಎಲ್ಲರೂ ಹೇಳುವ ಕಾರಣ. ಅದರ ಜತೆಗೆ ಇನ್ನೊಂದು ಕಾರಣವಿದೆ. ಒಲೆಯ ಶಾಖಕ್ಕೆ ಅಟ್ಟದ ಗಾಳಿ 25ರಿಂದ 30 ಡಿಗ್ರಿಗೆ ಏರಿದರೆ ಶೇ. 85ರ ತೇವಾಂಶ 63ಕ್ಕೆ ಬಂತು, ಬೂಷ್ಟಿನ ಗೆರೆಯಿಂದ ಕೆಳಗೆ. ಬ್ರಿಟನ್ನಿನ ನ್ಯಾಷನಲ್ ಟ್ರಸ್ಟ್ ತನ್ನ ಹಳೆಯ ಬಂಗಲೆಗಳಲ್ಲಿ ಇಂದು ಅನುಸರಿಸುವ ಕ್ರಮವೂ ಇದೇ: ಅಲ್ಲಿ ಹೀಟರನ್ನು ಹೊತ್ತಿಸುವುದೂ ಆರಿಸುವುದೂ ಥರ್ಮಾಮೀಟರ್ ಅಲ್ಲ, ತೇವಮಾಪಕ. ಮನುಷ್ಯರಿಗೆ ಬೆಚ್ಚಗಾಗಲೆಂದಲ್ಲ, ಗಾಳಿಯ ಪಾತ್ರೆ ಹಿಗ್ಗಲೆಂದು. ಅಟ್ಟಕ್ಕೆ ಮರಳಿ ಹೋಗೋಣ ಎಂದು ನಾನು ಹೇಳುತ್ತಿಲ್ಲ. ಮಸಿ ಕೂರುತ್ತದೆ, ಹೆಚ್ಚು ಶಾಖದಲ್ಲಿ ಗರಿ ಬೇಗ ಮುಪ್ಪಾಗುತ್ತದೆ, ಬೆಂಕಿಯ ಭಯ ಬೇರೆ. ಆದರೆ ಆ ರೂಢಿಯಲ್ಲಿ ಯಾವ ಭಾಗ ಗಟ್ಟಿ, ಯಾವ ಭಾಗ ಜಳ್ಳು ಎಂದು ಅಳತೆ ಬೇರ್ಪಡಿಸಿ ಕೊಡುತ್ತದೆ.

ಮೂಡುಬಿದಿರೆಯನ್ನು ನೋಡಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು. ಅಲ್ಲಿ ಷಟ್‌ಖಂಡಾಗಮವೆಂಬ ಜೈನ ಗ್ರಂಥದ ಧವಳಾ ಟೀಕೆ ತಾಳೆಗರಿಯ ಮೇಲೆ ಶತಮಾನಗಳನ್ನು ದಾಟಿ ಉಳಿದು ಬಂತು. ಭಾಷೆ ಸಂಸ್ಕೃತ ಬೆರೆತ ಪ್ರಾಕೃತ, ಲಿಪಿ ಕನ್ನಡ. ಆ ಷಟ್‌ಖಂಡಾಗಮದ ನೆನಪಿಗೇ ಜೈನರು ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿ ಆಚರಿಸುತ್ತಾರೆ. ಆ ದಿನ ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ಬಟ್ಟೆಯಲ್ಲಿ ಕಟ್ಟಿಡುವುದು ಸಂಪ್ರದಾಯ. ಪಂಚಾಂಗ ತೆರೆದು ನೋಡಿ: ಅದು ಮುಂಗಾರು ಬಾಗಿಲಿಗೆ ಬರುವ ಹೊತ್ತು. ಇನ್ನು ನವರಾತ್ರಿಯ ಸರಸ್ವತಿ ಪೂಜೆಗೆ ಪುಸ್ತಕಗಳು ಮತ್ತೆ ಹೊರಬರುತ್ತವೆ. ಅದು ಮುಂಗಾರು ಹಿಂದೆ ಸರಿಯುವ ಹೊತ್ತು. ಮಳೆಗೆ ಮುನ್ನ ಒಮ್ಮೆ, ಮಳೆಯ ಬಳಿಕ ಒಮ್ಮೆ. ಇದನ್ನು ಯಾರೋ ತೇವಾಂಶ ಅಳೆದು ಗೊತ್ತುಮಾಡಿದರು ಎಂದು ನಾನು ಹೇಳಲಾರೆ. ವರ್ಷಕ್ಕೆ ಎರಡು ದಿನ ಪ್ರತಿ ಕಟ್ಟನ್ನೂ ಒಬ್ಬ ಮನುಷ್ಯ ಬಿಚ್ಚಿ ನೋಡಲೇಬೇಕಿತ್ತು ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ.

ಎಲ್ಲ ನಂಬಿಕೆಗಳೂ ಅಳತೆಯ ಮುಂದೆ ನಿಲ್ಲುವುದಿಲ್ಲ. ಜಪಾನಿನ ನಾರಾ ಪಟ್ಟಣದಲ್ಲಿ ಶೋಸೊಯಿನ್ ಎಂಬ ಮರದ ಭಂಡಾರವಿದೆ. ಎಂಟನೆಯ ಶತಮಾನದ ರಾಜಮನೆತನದ ವಸ್ತುಗಳು ಅಲ್ಲಿ ಉಳಿದುಬಂದಿವೆ. ಗೋಡೆಯ ಮರದ ದಿಮ್ಮಿಗಳು ಮಳೆಗಾಲದಲ್ಲಿ ಹಿಗ್ಗಿ ಸಂದಿ ಮುಚ್ಚುತ್ತವೆ, ಒಣಗಾಲದಲ್ಲಿ ಕುಗ್ಗಿ ಗಾಳಿ ಬಿಡುತ್ತವೆ ಎಂದು ಬಹುಕಾಲ ವಿವರಿಸುತ್ತಿದ್ದರು. ಕೇಳಲು ಚೆನ್ನಾಗಿದೆ. ಅಳೆದು ನೋಡಿದಾಗ ದಿಮ್ಮಿಗಳು ಹಾಗೇನೂ ಮಾಡುತ್ತಿರಲಿಲ್ಲ. ವಸ್ತುಗಳನ್ನು ಕಾಯ್ದದ್ದು ಅವುಗಳನ್ನಿಟ್ಟ ಮುಚ್ಚಳದ ಮರದ ಪೆಟ್ಟಿಗೆಗಳು. ಹೊರಗೆ ತೇವ ಏರಿಳಿದರೂ ಪೆಟ್ಟಿಗೆಯೊಳಗೆ ಏರಿಳಿತ ತೀರ ಕಡಿಮೆ. ನಮ್ಮಲ್ಲೂ ಎರಡು ಹಲಗೆಗಳ ನಡುವೆ ಬಿಗಿದು, ಬಟ್ಟೆ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟ ಕಟ್ಟುಗಳು ಇದೇ ಉಪಾಯದವು. ಮರ, ಬಟ್ಟೆ, ಗರಿ ಮೂರೂ ತೇವವನ್ನು ನಿಧಾನ ಹೀರಿ ನಿಧಾನ ಬಿಡುತ್ತವೆ. ಅವನ್ನು ತೆಗೆದು ಬರಿಮೈಯಲ್ಲಿ ಕಬ್ಬಿಣದ ಬೀರುವಿಗೆ ಹಾಕಿದಾಗ ನಾವು ಆಧುನಿಕರಾದೆವು ಎಂದುಕೊಂಡೆವು.

ಯಾವ ಸಂಖ್ಯೆ ಸರಿ?

ಸಭೆಗಳಲ್ಲಿ ತಪ್ಪದೆ ಬರುವ ಪ್ರಶ್ನೆ ಇದು: ಕಡೆಗೆ ಎಷ್ಟಿರಬೇಕು ಹೇಳಿ. 50 ಎನ್ನುತ್ತಾರಲ್ಲ? ಆ ಸಂಖ್ಯೆಯ ಹಿಂದೆ ಒಂದು ಯುದ್ಧದ ಕತೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು 1941ರಲ್ಲಿ ವೇಲ್ಸ್‌ನ ಮ್ಯಾನೋಡ್ ಎಂಬ ಕಲ್ಲುಗಣಿಗೆ ಸಾಗಿಸಿ, ಗಣಿಯೊಳಗೆ ಇಟ್ಟಿಗೆಯ ಕೋಣೆಗಳನ್ನು ಕಟ್ಟಿ, ಬೆಚ್ಚಗಿಟ್ಟು ಕಾಯ್ದರು. ಸುಮಾರು 17 ಡಿಗ್ರಿ, ಶೇ. 42, ಒಂದೇ ಸಮನೆ. ಲಂಡನ್ನಿನಲ್ಲಿ ಸದಾ ಬಣ್ಣ ಏಳುತ್ತಿದ್ದ ಚಿತ್ರಗಳು ಅಲ್ಲಿ ಶಾಂತವಾದವು. ಯುದ್ಧ ಮುಗಿದು ವಾಪಸು ತಂದೊಡನೆ ಮತ್ತೆ ಬಿರುಕು. ಅಲ್ಲಿಂದ ಸ್ಥಿರ ಹವೆಯ ಮಂತ್ರ ಶುರುವಾಯಿತು. ಅದೇ ಗ್ಯಾಲರಿಯ ಗ್ಯಾರಿ ಥಾಮ್ಸನ್ 1978ರಲ್ಲಿ ಬರೆದ ‘ದ ಮ್ಯೂಸಿಯಂ ಎನ್ವಿರಾನ್‌ಮೆಂಟ್’ ಪುಸ್ತಕದಿಂದ 50 ಅಥವಾ 55, ಆಚೀಚೆ 5 ಎಂಬ ಸಂಖ್ಯೆ ಲೋಕವೆಲ್ಲ ಹರಡಿತು. ಆ ಕತೆಯ ತಿರುಳು ಸ್ಥಿರತೆ. ನಾವು ಎತ್ತಿಕೊಂಡದ್ದು ಸಂಖ್ಯೆಯನ್ನು.

ಸಂರಕ್ಷಣೆಯ ಜಾಗತಿಕ ಸಂಸ್ಥೆಗಳು 2014ರಲ್ಲಿ ಒಂದು ಘೋಷಣೆಯನ್ನು ಒಪ್ಪಿಕೊಂಡವು. ಮಾನದಂಡ ಸ್ಥಳೀಯ ಹವೆಗೆ ಹೊಂದಬೇಕು, ದುಬಾರಿ ಯಂತ್ರಗಳ ಮೇಲಿನ ಅವಲಂಬನೆ ಕಡಿಮೆಯಾಗಬೇಕು ಎಂಬುದು ಅದರ ಆಶಯ. ನಮಗೆ ಇದು ಹೊಸ ಮಾತೇನಲ್ಲ. ಕಲಬುರಗಿಯ ಏಪ್ರಿಲ್ ಬೇರೆ, ಕಾರ್ಕಳದ ಜುಲೈ ಬೇರೆ. ಅಲ್ಲಿ ಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ ಮೃದುವಾಗಿಸುವ ಚಿಂತೆ, ಇಲ್ಲಿ ಬೂಷ್ಟಿನ ಚಿಂತೆ. ಎರಡಕ್ಕೂ ಒಂದೇ ಸಂಖ್ಯೆಯನ್ನು ಸುತ್ತೋಲೆಯಲ್ಲಿ ಕಳಿಸುವುದು ಕೆಲಸವಲ್ಲ. ನನ್ನ ಸಲಹೆ ಸಾದಾ: ವರ್ಷದ ಯಾವ ದಿನವೂ 65ನ್ನು ದಾಟಿ ನಿಲ್ಲಬಾರದು, ದಿನದೊಳಗಿನ ಏರಿಳಿತ ಆದಷ್ಟು ಕಡಿಮೆ ಇರಬೇಕು. ಮೊದಲನೆಯದು ಆಗದ ಊರಿನಲ್ಲಿ ಎರಡನೆಯದನ್ನಾದರೂ ಸಾಧಿಸಿ, ಕಟ್ಟುಗಳನ್ನು ಮೇಲಿಂದ ಮೇಲೆ ಬಿಚ್ಚಿ ನೋಡಿ.

ಓದುವವರು ಯಾರು?

ಕರಾವಳಿಯ ಆ ಕೋಣೆಗೆ ಕಡೆಗೆ ಏನಾಯಿತು ಎಂದು ಹೇಳಬೇಕಲ್ಲ. ಹೊಸ ಎ.ಸಿ. ಕೊಳ್ಳಲಿಲ್ಲ, ಇದ್ದದ್ದನ್ನು ಮಳೆಗಾಲದಲ್ಲಿ ನಿಲ್ಲಿಸಿದೆವು. ಬೀರುಗಳನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದೆವು. ಪಶ್ಚಿಮದ ಗೋಡೆಯ ಹೊರಗೆ ಮಳೆನೀರಿನ ಕೊಳವೆ ಒಡೆದು ಗೋಡೆಗೇ ಸುರಿಯುತ್ತಿತ್ತು. ಅದನ್ನು ಕಂಡದ್ದೂ ಬೀರುವಿನೊಳಗಿನ ಗೆರೆ ಬೇರೆ ಗೆರೆಗಳಿಗಿಂತ ಸದಾ ಮೇಲಿದ್ದುದರಿಂದ. ಕೊಳವೆ ದುರಸ್ತಿಯಾಯಿತು. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ, ಒಂದು ಸಣ್ಣ ತೇವ ಹೀರುವ ಯಂತ್ರ, ಕಟ್ಟುಗಳಿಗೆ ಮತ್ತೆ ಬಟ್ಟೆ ಮತ್ತು ಹಲಗೆ. ಮುಂದಿನ ಮಳೆಗಾಲದ ಗೆರೆಯಲ್ಲಿ ಗರಗಸದ ಹಲ್ಲು ಸವೆದಿತ್ತು. ಕೆಲಸ ಮಾಡಿದ್ದು ಲಾಗರ್ ಅಲ್ಲ. ಅದು ಬೊಟ್ಟು ಮಾಡಿ ತೋರಿಸಿತು. ಬೀರು ಎಳೆದದ್ದು ಆ ಹಿರಿಯ ಸಹಾಯಕರು. ಗೆರೆ ಓದಲು ಅವರು ಒಂದೇ ಮಧ್ಯಾಹ್ನದಲ್ಲಿ ಕಲಿತರು.

ಕೆಲವು ವರ್ಷಗಳ ನಂತರ ಮತ್ತೆ ಹೋದೆ. ಅವರು ನಿವೃತ್ತರಾಗಿದ್ದರು. ಲಾಗರುಗಳು ಅವರು ಇಟ್ಟ ಜಾಗದಲ್ಲೇ ಇದ್ದವು, ಬ್ಯಾಟರಿ ತೀರಿ ಯಾವ ಕಾಲವಾಗಿತ್ತೋ. ಯಾರನ್ನೂ ದೂರುವ ಹಾಗಿರಲಿಲ್ಲ. ಅವನ್ನು ಓದುವುದು ಯಾರ ಕೆಲಸವೆಂದು ಎಲ್ಲಿಯೂ ಬರೆದಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕಾವಲುಗಾರ ಕೂಗಿ ಕೂಗಿ ಸುಮ್ಮನಾಗಿದ್ದ, ಕೇಳುವವರೇ ಇರಲಿಲ್ಲ.

ನೋಡಿಕೊಳ್ಳುವವರು ಇದ್ದರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಮೈಸೂರಿನಲ್ಲಿ 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಒಂದು ಓಲೆಗರಿಯ ಕಟ್ಟನ್ನು ಬಿಚ್ಚಿ ನೋಡಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅಚ್ಚಾಯಿತು. ತಂಜಾವೂರು ಕಡೆಯ ಪಂಡಿತರೊಬ್ಬರು ಅದನ್ನು ತಂದುಕೊಟ್ಟಿದ್ದರು. ಅದಕ್ಕೂ ಮುಂಚೆ ಎಷ್ಟು ಮಳೆಗಾಲಗಳಲ್ಲಿ, ಎಷ್ಟು ಮನೆಗಳಲ್ಲಿ ಹೆಸರಿಲ್ಲದ ಎಷ್ಟು ಜನ ಆ ಕಟ್ಟನ್ನು ಬಿಚ್ಚಿ, ಒರೆಸಿ, ಮತ್ತೆ ಕಟ್ಟಿಟ್ಟಿರಬೇಕು. ಪಂಡಿತರ ಕೈಗೆ ಪಠ್ಯ ಸಿಗುವುದು ಇಂಥವರು ತಮ್ಮ ಕೆಲಸ ಮಾಡಿದ್ದರೆ ಮಾತ್ರ.

ದತ್ತಿ ಎಂಬ ಪದದ ನೆರಳಿನಲ್ಲಿ ನಿಂತು ಮಾತಾಡುತ್ತಿರುವುದರಿಂದ ಒಂದು ಕೋರಿಕೆ ಇಡುತ್ತೇನೆ. ಯಂತ್ರ ಕೊಡಿಸುವ ದಾನಿಗಳು ನಮ್ಮಲ್ಲಿ ಸಿಗುತ್ತಾರೆ. ಅದರ ಮೇಲೆ ಹೆಸರು ಬರೆಸಬಹುದು. ಇನ್ನು ಮೇಲೆ ಮೂರು ಲಾಗರ್ ಕೊಡುವವರು ಅದರ ಜತೆಗೆ, ಪ್ರತಿ ಸೋಮವಾರ ಒಂದು ಗಂಟೆ ಕೂತು ಗೆರೆ ಓದಿ, ಒಂದು ನೋಟ್‌ಬುಕ್ಕಿನಲ್ಲಿ ‘ಕಂಡದ್ದು, ಮಾಡಿದ್ದು’ ಎಂದು ಎರಡು ಸಾಲು ಬರೆಯುವ ಒಬ್ಬರ ಗೌರವಧನಕ್ಕೂ ದತ್ತಿ ಇಡಿ. ಸಂಸ್ಥೆಗಳ ಮುಖ್ಯಸ್ಥರು ಆ ಒಬ್ಬರ ಹೆಸರನ್ನು ಆದೇಶದಲ್ಲಿ ಬರೆಯಿರಿ, ಕಿಟಕಿ ತೆರೆಯುವ, ಎ.ಸಿ. ನಿಲ್ಲಿಸುವ ಅಧಿಕಾರವನ್ನೂ ಕೊಡಿ.

ಇಲ್ಲಿರುವ ಪ್ರತಿಯೊಬ್ಬರೂ ನಾಳೆ ನಿಮ್ಮ ನಿಮ್ಮ ಸಂಗ್ರಹಕ್ಕೆ ಹೋಗಿ ಒಂದೇ ಪ್ರಶ್ನೆ ಕೇಳಿ: ನಿನ್ನೆ ರಾತ್ರಿ ಎರಡು ಗಂಟೆಗೆ ಈ ಕೋಣೆಯ ತೇವಾಂಶ ಎಷ್ಟಿತ್ತು? ಉತ್ತರ ಸಿಗದಿದ್ದರೆ ಕೆಲಸ ಅಲ್ಲಿಂದಲೇ ಶುರುವಾಗಲಿ.